ಮಿದುಳು ಮಂಥನ (ಬೋಧನಾ ವಿಧಾನ)

ಮಿದುಳು ಮಂಥನ ಎಂಬುದು ಒಂದು ಸಮಸ್ಯೆಗೆ ಸಾಧ್ಯವಿರುವಷ್ಟು ಪರಿಹಾರಗಳನ್ನು ಮೊದಲು ಕಲೆಹಾಕಿ, ಅವುಗಳ ಗುಣದೋಷಗಳನ್ನು ಅನಂತರ ಪರಿಶೀಲಿಸುವ ಸಾಮೂಹಿಕ ಚಿಂತನ ವಿಧಾನ. ಇಂಗ್ಲಿಷಿನಲ್ಲಿ ಇದನ್ನು ಬ್ರೈನ್‌ಸ್ಟಾರ್ಮಿಂಗ್ ಎನ್ನುತ್ತಾರೆ. ಜಾಹೀರಾತು ಉದ್ಯಮದಲ್ಲಿ ಹುಟ್ಟಿದ ಈ ವಿಧಾನವನ್ನು ಇಂದು ಶಾಲಾ ಕಾಲೇಜುಗಳಲ್ಲಿ ಸೃಜನಶೀಲತೆ, ಸಂವಹನ ಸಾಮರ್ಥ್ಯ ಮತ್ತು ಸಮಸ್ಯಾ ಪರಿಹಾರ ಕೌಶಲಗಳನ್ನು ಬೆಳೆಸಲು ಬಳಸಲಾಗುತ್ತದೆ. ಎಲ್ಲರೂ ಕೂಡಿ ಬಾಯಿಮಾತಿನಲ್ಲಿ ನಡೆಸುವ ಇದರ ಮೂಲರೂಪಕ್ಕಿಂತ, ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ಯೋಚಿಸಿ ಬರೆಯುವ ಪರಿಷ್ಕೃತ ರೂಪಗಳಲ್ಲಿ ಹೆಚ್ಚು ವಿಚಾರಗಳು ದೊರೆಯುತ್ತವೆ ಎಂಬುದನ್ನು ಸಂಶೋಧನೆಗಳು ತೋರಿಸಿವೆ.

ಇತಿಹಾಸ

ಈ ವಿಧಾನವನ್ನು ರೂಪಿಸಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್ (1888–1966). ಹೊಸ ವಿಚಾರವೊಂದು ಹುಟ್ಟಿದ ಕ್ಷಣದಲ್ಲಿಯೇ ಅದನ್ನು ಟೀಕಿಸಿದರೆ, ಮುಂದಿನ ವಿಚಾರಗಳು ಹುಟ್ಟುವುದೇ ನಿಂತುಹೋಗುತ್ತದೆ ಎಂಬುದು ಅವರ ಅನುಭವವಾಗಿತ್ತು. 1930ರ ದಶಕದ ಕೊನೆಯಲ್ಲಿ ಅವರು ತಮ್ಮ ಸಂಸ್ಥೆಯಲ್ಲಿ ಇದನ್ನು ಪ್ರಯೋಗಿಸಿದರು. 1948ರ ‘ಯುವರ್ ಕ್ರಿಯೇಟಿವ್ ಪವರ್’ ಮತ್ತು 1953ರ ‘ಅಪ್ಲೈಡ್ ಇಮ್ಯಾಜಿನೇಶನ್’ ಎಂಬ ಕೃತಿಗಳ ಮೂಲಕ ಇದು ಪ್ರಚಾರಕ್ಕೆ ಬಂದಿತು. 1954ರಲ್ಲಿ ಆಸ್ಬಾರ್ನ್ ಸೃಜನಶೀಲ ಶಿಕ್ಷಣಕ್ಕೆ ಮೀಸಲಾದ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಅನಂತರ ಸಿಡ್ನಿ ಪಾರ್ನ್ಸ್ ಅವರೊಡನೆ ಸೇರಿ ‘ಸೃಜನಶೀಲ ಸಮಸ್ಯಾ ಪರಿಹಾರ’ ಎಂಬ ಕ್ರಮವನ್ನು ಬೆಳೆಸಿದರು.

ಇದೇ ಕಾಲದಲ್ಲಿ ಮನೋವಿಜ್ಞಾನಿಗಳ ಗಮನವೂ ಸೃಜನಶೀಲತೆಯತ್ತ ಹರಿಯಿತು. 1950ರಲ್ಲಿ ಜೆ. ಪಿ. ಗಿಲ್‌ಫರ್ಡ್ ಅಮೆರಿಕದ ಮನೋವೈಜ್ಞಾನಿಕ ಸಂಘದ ಅಧ್ಯಕ್ಷ ಭಾಷಣದಲ್ಲಿ, ಅದುವರೆಗೆ ಸೂಚೀಕೃತವಾಗಿದ್ದ ಸುಮಾರು 1,21,000 ಬರಹಗಳಲ್ಲಿ ಕೇವಲ 186 ಸೃಜನಶೀಲತೆಗೆ ಸಂಬಂಧಿಸಿದವು ಎಂದು ತೋರಿಸಿದರು. ಒಂದೇ ಪ್ರಶ್ನೆಗೆ ಹಲವು ಉತ್ತರಗಳನ್ನು ಹುಡುಕುವ ಬಹುಮುಖಿ ಚಿಂತನೆ, ಹಲವು ಸಾಧ್ಯತೆಗಳಿಂದ ಸರಿಯಾದುದನ್ನು ಆರಿಸುವ ಏಕಮುಖಿ ಚಿಂತನೆ ಎಂಬ ಅವರ ವಿಂಗಡಣೆ, ಮಿದುಳು ಮಂಥನದ ಎರಡು ಹಂತಗಳನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ.

ಮೂಲ ನಿಯಮಗಳು

ಆಸ್ಬಾರ್ನ್ ನಾಲ್ಕು ನಿಯಮಗಳನ್ನು ಹೇಳಿದ್ದಾರೆ:

1. ವಿಚಾರ ಸಂಗ್ರಹದ ಹಂತದಲ್ಲಿ ಯಾರೂ ಟೀಕಿಸಬಾರದು.
2. ವಿಚಿತ್ರವೆನಿಸುವ ವಿಚಾರಗಳಿಗೂ ಸ್ವಾಗತವಿರಬೇಕು.
3. ವಿಚಾರಗಳ ಸಂಖ್ಯೆ ಹೆಚ್ಚಾದಷ್ಟೂ ಒಳ್ಳೆಯದು.
4. ಇತರರ ವಿಚಾರಗಳನ್ನು ಬೆಸೆಯಬಹುದು, ತಿದ್ದಿ ಬೆಳೆಸಬಹುದು.

ಮೊದಲ ನಿಯಮವನ್ನು ಟೀಕೆಯೇ ಕೂಡದೆಂದು ಅರ್ಥೈಸುವುದು ಸರಿಯಲ್ಲ. ಟೀಕೆಯನ್ನು ಇಲ್ಲಿ ಮುಂದೂಡಲಾಗುತ್ತದೆ, ಕೈಬಿಡುವುದಿಲ್ಲ. ಪರಿಶೀಲನೆಯ ಹಂತವನ್ನು ನಡೆಸದೆ ತರಗತಿಯನ್ನು ಮುಗಿಸಿದರೆ ಕಪ್ಪುಹಲಗೆಯ ಮೇಲೆ ಪಟ್ಟಿಯೊಂದು ಉಳಿಯುತ್ತದೆಯೇ ಹೊರತು ಸಮಸ್ಯೆ ಪರಿಹಾರವಾಗುವುದಿಲ್ಲ.

ಸಂಶೋಧನೆ ಮತ್ತು ಆಕ್ಷೇಪಗಳು

ಗುಂಪಿನಲ್ಲಿ ಯೋಚಿಸಿದರೆ ಹೆಚ್ಚು ವಿಚಾರಗಳು ಹೊಳೆಯುತ್ತವೆ ಎಂಬ ನಂಬಿಕೆಯನ್ನು 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರಿ ಮತ್ತು ಬ್ಲಾಕ್ ಪರೀಕ್ಷಿಸಿದರು. ಒಟ್ಟಿಗೆ ಕುಳಿತ ನಾಲ್ವರಿಗಿಂತ, ಬೇರೆಬೇರೆಯಾಗಿ ಯೋಚಿಸಿದ ನಾಲ್ವರ ವಿಚಾರಗಳನ್ನು ಒಟ್ಟುಗೂಡಿಸಿದಾಗ ದೊರೆತ ಸಂಖ್ಯೆಯೇ ಹೆಚ್ಚಾಗಿತ್ತು. 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ ಇದರ ಮುಖ್ಯ ಕಾರಣವನ್ನು ಗುರುತಿಸಿದರು. ಗುಂಪಿನಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಬಲ್ಲರು. ತಮ್ಮ ಸರದಿಗಾಗಿ ಕಾಯುವವರ ಯೋಚನೆಯ ಸರಣಿ ಅಷ್ಟರಲ್ಲಿ ಕಡಿದುಹೋಗುತ್ತದೆ. ಇದರೊಂದಿಗೆ ಇತರರು ಏನೆಂದುಕೊಳ್ಳುವರೋ ಎಂಬ ಅಳುಕು, ಉಳಿದವರು ಹೇಳುತ್ತಾರೆ ಬಿಡು ಎಂಬ ಉದಾಸೀನ ಇವುಗಳನ್ನೂ ಸಂಶೋಧಕರು ಚರ್ಚಿಸಿದ್ದಾರೆ.

ತರಗತಿಯ ಮಟ್ಟಿಗೆ ಈ ಆಕ್ಷೇಪ ಗಂಭೀರವಾದುದು. ಬಾಯಿಮಾತಿನ ಮಂಥನದಲ್ಲಿ ಚುರುಕಾಗಿ ಮಾತನಾಡುವ ಕೆಲವರೇ ಅವಧಿಯನ್ನು ತುಂಬಿಬಿಡಬಹುದು. ಸಂಕೋಚದ ಮಕ್ಕಳು, ಮನೆಮಾತು ಬೇರೆಯಾಗಿರುವ ಮಕ್ಕಳು ಮತ್ತು ನಿಧಾನವಾಗಿ ಯೋಚಿಸುವ ಮಕ್ಕಳು ಹಿಂದೆ ಉಳಿಯುತ್ತಾರೆ. ಅವರಲ್ಲಿ ವಿಚಾರಗಳೇ ಇಲ್ಲವೆಂಬ ತಪ್ಪು ತೀರ್ಮಾನಕ್ಕೂ ಇದು ದಾರಿಮಾಡಿಕೊಡುತ್ತದೆ.

ಪರಿಷ್ಕೃತ ರೂಪಗಳು

- ಲಿಖಿತ ಮಂಥನ: ಜರ್ಮನಿಯ ಬರ್ಂಟ್ ರೋರ್ಬಾಖ್ 1969ರಲ್ಲಿ ಪ್ರಕಟಿಸಿದ 6-3-5 ವಿಧಾನದಲ್ಲಿ ಆರು ಜನರು ತಲಾ ಮೂರು ವಿಚಾರಗಳನ್ನು ಐದು ನಿಮಿಷಗಳಲ್ಲಿ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಆರು ಸುತ್ತುಗಳಲ್ಲಿ, ಅಂದರೆ ಅರ್ಧ ಗಂಟೆಯಲ್ಲಿ, 108 ವಿಚಾರಗಳವರೆಗೆ ಸಂಗ್ರಹವಾಗಬಹುದು.
- ಯೋಚಿಸು, ಜೊತೆಗೂಡು, ಹಂಚಿಕೊ: ಅಮೆರಿಕದ ಫ್ರಾಂಕ್ ಲೈಮನ್ 1981ರಲ್ಲಿ ಪರಿಚಯಿಸಿದ ಈ ಕ್ರಮದಲ್ಲಿ ವಿದ್ಯಾರ್ಥಿ ಮೊದಲು ಒಬ್ಬನೇ ಯೋಚಿಸಿ, ಬಳಿಕ ಜೊತೆಗಾರನೊಡನೆ ಚರ್ಚಿಸಿ, ಕೊನೆಗೆ ಇಡೀ ತರಗತಿಗೆ ತಿಳಿಸುತ್ತಾನೆ.

ತರಗತಿಯಲ್ಲಿ ಅನ್ವಯ

ಒಂದೇ ಸರಿಯುತ್ತರವಿರುವ ಪ್ರಶ್ನೆಗಳಿಗೆ ಈ ವಿಧಾನ ಒಗ್ಗುವುದಿಲ್ಲ. “ಶಾಲೆಯ ಚಾವಣಿಯಿಂದ ಹರಿದುಹೋಗುವ ಮಳೆನೀರನ್ನು ಹೇಗೆ ಬಳಸಬಹುದು?” ಎಂಬಂತಹ, ಮಕ್ಕಳಿಗೆ ಪರಿಚಿತವಾದ ಹಾಗೂ ಹಲವು ಪರಿಹಾರಗಳಿಗೆ ಎಡೆಯಿರುವ ಪ್ರಶ್ನೆ ಸೂಕ್ತ. ಮೊದಲ ಐದು ನಿಮಿಷ ಎಲ್ಲರೂ ಮೌನವಾಗಿ ತಮಗೆ ಹೊಳೆದುದನ್ನು ಬರೆಯುತ್ತಾರೆ. ಬಳಿಕ ನಾಲ್ಕೈದು ಮಂದಿಯ ಗುಂಪುಗಳಲ್ಲಿ ಪ್ರತಿಯೊಬ್ಬರೂ ತಮ್ಮ ಬರಹವನ್ನು ಓದಿ ಹೇಳುತ್ತಾರೆ. ಶಿಕ್ಷಕರು ಎಲ್ಲವನ್ನೂ, ಹೇಳಿದವರ ಮಾತಿನಲ್ಲಿಯೇ, ಹಲಗೆಯ ಮೇಲೆ ದಾಖಲಿಸುತ್ತಾರೆ. ಅನಂತರ ಖರ್ಚು, ಸ್ಥಳ, ಸುರಕ್ಷತೆ, ಉಪಯೋಗ ಮುಂತಾದ ಮಾನದಂಡಗಳನ್ನು ತರಗತಿಯೇ ನಿಗದಿಪಡಿಸಿ, ಅವುಗಳ ಆಧಾರದ ಮೇಲೆ ಒಂದೆರಡು ಪರಿಹಾರಗಳನ್ನು ಆರಿಸುತ್ತದೆ.

ಸಂವಹನದ ಕಲಿಕೆ ಈ ಎರಡನೆಯ ಭಾಗದಲ್ಲಿ ವಿಶೇಷವಾಗಿ ನಡೆಯುತ್ತದೆ. ಇನ್ನೊಬ್ಬರ ಮಾತನ್ನು ಪೂರ್ತಿ ಕೇಳುವುದು, ಅದಕ್ಕೆ ತನ್ನದನ್ನು ಜೋಡಿಸುವುದು, ವ್ಯಕ್ತಿಯನ್ನು ನೋಯಿಸದೆ ವಿಚಾರವನ್ನು ಒಪ್ಪದಿರುವುದು, ಒಪ್ಪದಿರಲು ಕಾರಣ ಕೊಡುವುದು ಇಲ್ಲಿ ರೂಢಿಯಾಗುತ್ತವೆ.

ಶಿಕ್ಷಕರ ಪಾತ್ರ

ಶಿಕ್ಷಕರು ಕಾಯುವ ಅವಧಿಗೂ ಮಹತ್ವವಿದೆ. ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಇದನ್ನು ಮೂರು ಸೆಕೆಂಡುಗಳಿಗೆ ಏರಿಸಿದಾಗ ಉತ್ತರಗಳು ದೀರ್ಘವಾದವು, ತಾವಾಗಿ ಉತ್ತರಿಸುವವರ ಸಂಖ್ಯೆ ಹೆಚ್ಚಿತು. ಸಂಗ್ರಹದ ಹಂತದಲ್ಲಿ ಹೊಗಳಿಕೆಯನ್ನೂ ತಡೆಹಿಡಿಯುವುದು ಉಚಿತ. ಒಬ್ಬರಿಗೆ “ಭೇಷ್” ಎಂದೊಡನೆ ಉಳಿದವರು ಅದೇ ಜಾಡಿನಲ್ಲಿ ಯೋಚಿಸತೊಡಗುವ ಸಂಭವವಿದೆ.

ಶಿಕ್ಷಣ ನೀತಿಯಲ್ಲಿ ಸ್ಥಾನ

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿಮಾಡಿದ ಹತ್ತು ಜೀವನ ಕೌಶಲಗಳಲ್ಲಿ ಸಮಸ್ಯಾ ಪರಿಹಾರ, ಸೃಜನಶೀಲ ಚಿಂತನೆ ಮತ್ತು ಪರಿಣಾಮಕಾರಿ ಸಂವಹನ ಸೇರಿವೆ. ಭಾರತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಕಲಿಕೆಯನ್ನು ಕಂಠಪಾಠದಿಂದ ಬಿಡಿಸುವುದನ್ನು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದಾಗಿ ಹೇಳಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಸೃಜನಶೀಲತೆ ಮತ್ತು ವಿಮರ್ಶಾತ್ಮಕ ಚಿಂತನೆಗೆ ಒತ್ತು ನೀಡಿದೆ. ಹೆಚ್ಚಿನ ಉಪಕರಣಗಳ ಅಗತ್ಯವಿಲ್ಲದೆ, ಹಾಳೆ, ಲೇಖನಿ ಮತ್ತು ಕಪ್ಪುಹಲಗೆಗಳಿಂದಲೇ ನಡೆಸಬಹುದಾದ ಮಿದುಳು ಮಂಥನ ಈ ಆಶಯಗಳನ್ನು ಸಾಮಾನ್ಯ ತರಗತಿಗೆ ತರಬಲ್ಲ ವಿಧಾನಗಳಲ್ಲಿ ಒಂದಾಗಿದೆ.