ಐದು ಹೆಂಗಸರು, ಎರಡು ತಪ್ಪು ಹೆಸರುಗಳು

ಬಸುರಿಯರನ್ನು ಕಾಡುವ ಎರಡು ವಿರಳ ಚರ್ಮರೋಗಗಳಿಗೆ 1872ರಲ್ಲಿ, ಒಂದೇ ವರ್ಷ, ಹೆಸರು ಬಿತ್ತು. ವಿಯೆನ್ನಾದಲ್ಲಿ ಫರ್ಡಿನಾಂಡ್ ಹೆಬ್ರಾ ಒಂದನ್ನು ‘ಇಂಪೆಟಿಗೊ ಹರ್ಪೆಟಿಫಾರ್ಮಿಸ್’ ಎಂದು ಕರೆದರು. ಲಂಡನ್ನಿನಲ್ಲಿ ಜಾನ್ ಲಾಸ್ ಮಿಲ್ಟನ್ ಇನ್ನೊಂದಕ್ಕೆ ‘ಹರ್ಪಿಸ್ ಜೆಸ್ಟೇಷನಿಸ್’ ಎಂಬ ಹೆಸರಿಟ್ಟರು. ಮುಂದೆ ಎರಡೂ ಹೆಸರುಗಳು ದಾರಿ ತಪ್ಪಿಸುವಂಥವು ಎಂದು ತಿಳಿಯಿತು. ನಾನು ವೈದ್ಯೆಯಲ್ಲ, ವೈದ್ಯಕೀಯದ ಚರಿತ್ರೆಯನ್ನು ಓದುವವಳು. ಈ ಹೆಸರುಗಳ ಬೆನ್ನು ಹತ್ತಿ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ ಪ್ರಶ್ನೆ: ತುರಿಕೆಯಲ್ಲಿ, ಜ್ವರದಲ್ಲಿ ನರಳಿದ ಆ ಹೆಂಗಸರು ಏನೆಂದಿರಬಹುದು?

ಹೆಬ್ರಾ ಸಾಧಾರಣ ವೈದ್ಯರಲ್ಲ. ಚರ್ಮರೋಗ ಶಾಸ್ತ್ರಕ್ಕೆ ಗಟ್ಟಿ ತಳಪಾಯ ಹಾಕಿದವರಲ್ಲಿ ಒಬ್ಬರು. ಬಾಣಂತಿ ಜ್ವರ ತಡೆಯಲು ವೈದ್ಯರು ಕೈ ತೊಳೆದುಕೊಳ್ಳಬೇಕು ಎಂದು ಸೆಮ್ಮೆಲ್ವೈಸ್ 1847ರಲ್ಲಿ ಕಂಡುಕೊಂಡಾಗ, ಆ ಸುದ್ದಿಯನ್ನು ಅದೇ ವರ್ಷದ ಕೊನೆಗೆ ಮೊದಲು ಅಚ್ಚಿಗೆ ಕೊಟ್ಟವರು ಗೆಳೆಯ ಹೆಬ್ರಾ. ಹೆರಿಗೆಯ ವಾರ್ಡಿನ ಸಾವುಗಳನ್ನು ಹತ್ತಿರದಿಂದ ಬಲ್ಲವರು. ಅಂಥವರು 1872ರಲ್ಲಿ ಐವರು ಗರ್ಭಿಣಿಯರ ಬಗ್ಗೆ ಬರೆದರು. ಕೆಂಪಾದ ಚರ್ಮದ ಮೇಲೆ ಗುಂಪು ಗುಂಪಾಗಿ ಏಳುವ ಕೀವುಗುಳ್ಳೆಗಳು, ಚಳಿ, ಜ್ವರ. ಐವರಲ್ಲಿ ನಾಲ್ವರು ತೀರಿಕೊಂಡರು.

ಅಂದಿನಿಂದ ಇಂದಿನವರೆಗೆ ಈ ರೋಗದ ಬಗ್ಗೆ ಬರೆಯುವವರು ಆ ಐವರನ್ನು ನೆನೆಯುತ್ತಲೇ ಬಂದಿದ್ದಾರೆ. ನಾನು ಓದಿದ ಬರಹಗಳಲ್ಲೆಲ್ಲ ಅವರು ‘ಐದು’ ಎಂಬ ಒಂದು ಅಂಕಿ ಮಾತ್ರ.

‘ಇಂಪೆಟಿಗೊ’ ಎಂದರೆ ಇಂದು ಮಕ್ಕಳಿಂದ ಮಕ್ಕಳಿಗೆ ಹರಡುವ ಬ್ಯಾಕ್ಟೀರಿಯಾ ಸೋಂಕು. ಹೆಬ್ರಾ ಕಂಡ ಗುಳ್ಳೆಗಳ ಕೀವಿನಲ್ಲಾದರೋ ಯಾವ ಸೂಕ್ಷ್ಮಾಣುವೂ ಇರುವುದಿಲ್ಲ. ಈಗ ಬಹುತೇಕ ತಜ್ಞರು ಇದನ್ನು ಬಸಿರಿನಲ್ಲಿ ಕೆರಳುವ ಕೀವುಗುಳ್ಳೆಯ ಸೋರಿಯಾಸಿಸ್ ಎಂದೇ ಎಣಿಸುತ್ತಾರೆ. ಮೈಯ ಉರಿಯೂತಕ್ಕೆ ಕಡಿವಾಣ ಹಾಕುವ ಒಂದು ಜೀನ್ ಕೆಲವರಲ್ಲಿ ಕೆಟ್ಟಿರುವುದು 2011ರಿಂದೀಚೆಗೆ ತಿಳಿದುಬಂದಿದೆ.

ಮಿಲ್ಟನ್ ಇಟ್ಟ ಹೆಸರಿನ ಕತೆ ಇನ್ನೂ ಕಷ್ಟದ್ದು. ಗ್ರೀಕಿನಲ್ಲಿ ‘ಹೆರ್ಪೆಯ್ನ್’ ಎಂದರೆ ಹರಿದಾಡು, ತೆವಳು. ಸಂಸ್ಕೃತದ ‘ಸರ್ಪ’ವೂ ಅದೇ ಮೂಲದ್ದು. ಆಯುರ್ವೇದದ ‘ವಿಸರ್ಪ’, ನಮ್ಮ ಆಡುಮಾತಿನ ‘ಸರ್ಪಸುತ್ತು’ ಎಲ್ಲದರಲ್ಲೂ ಮೈಮೇಲೆ ಹರಿದಾಡುವ ಅದೇ ಹಾವಿದೆ. ಮಿಲ್ಟನ್ ಕಾಲಕ್ಕೆ ‘ಹರ್ಪಿಸ್’ ಎಂದರೆ ಹರಡುವ ಗುಳ್ಳೆ, ಅಷ್ಟೇ. ವೈರಸ್ ಎಂಬುದೇ ಆಗಿನ್ನೂ ಗೊತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಆ ಪದ ಒಂದು ವೈರಸ್ಸಿಗೆ, ಲೈಂಗಿಕ ಸೋಂಕಿಗೆ ಅಂಟಿಕೊಂಡಿತು. ಈ ಕಾಯಿಲೆಗೂ ಆ ವೈರಸ್ಸಿಗೂ ಯಾವ ನಂಟೂ ಇಲ್ಲ. ಆದರೂ ತುಂಬು ಬಸುರಿಯೊಬ್ಬಳ ಚೀಟಿಯಲ್ಲಿ ‘ಹರ್ಪಿಸ್’ ಎಂದು ಬರೆದರೆ ಮನೆಯಲ್ಲಿ ಅದನ್ನು ಓದುವವರು ಏನೆಂದುಕೊಂಡಾರು? 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಚರ್ಮತಜ್ಞರಾದ ಹೋಮ್ಸ್ ಮತ್ತು ಬ್ಲ್ಯಾಕ್ ‘ಪೆಂಫಿಗಾಯ್ಡ್ ಜೆಸ್ಟೇಷನಿಸ್’ ಎಂಬ ಹೊಸ ಹೆಸರು ಸೂಚಿಸಿದರು. ತಪ್ಪು ಹೆಸರು ನೂರು ವರ್ಷ ಬಾಳಿತ್ತು.

ಇದು ಸೋಂಕಲ್ಲ, ಮೈ ತನ್ನ ಮೇಲೆ ತಾನೇ ತಿರುಗಿಬೀಳುವ ರೋಗ. ಚರ್ಮದ ಮೇಲ್ಪದರವನ್ನು ಕೆಳಪದರಕ್ಕೆ ಕಚ್ಚಿ ಹಿಡಿಯುವ ಒಂದು ಪ್ರೋಟೀನು ಮಾಸಿನಲ್ಲೂ ಇದೆ. ಮಾಸಿನಲ್ಲಿ ಅದು ಪರಕೀಯವೆಂದು ಕಂಡಾಗ ತಾಯಿಯ ಮೈ ಅದರ ವಿರುದ್ಧ ಪ್ರತಿಕಾಯ ಹುಟ್ಟಿಸುತ್ತದೆ ಎಂಬುದು ಈಗಿನ ವಿವರಣೆ. ಆ ಪ್ರತಿಕಾಯ ಅವಳ ಚರ್ಮವನ್ನೂ ಬಿಡುವುದಿಲ್ಲ. ತುರಿಕೆ ಹೆಚ್ಚಾಗಿ ಹೊಕ್ಕುಳ ಸುತ್ತ ಶುರುವಾಗಿ, ಆಮೇಲೆ ಗುಳ್ಳೆ ಏಳುತ್ತದೆ. ಹುಟ್ಟುವ ಹತ್ತು ಶಿಶುಗಳಲ್ಲಿ ಸುಮಾರು ಒಂದಕ್ಕೆ ಕೆಲವು ವಾರ ಗುಳ್ಳೆ ಕಾಣಿಸಿಕೊಂಡು ತಾನಾಗಿ ಮಾಯುತ್ತದೆ. ಸ್ಟೀರಾಯ್ಡ್ ಔಷಧಿಯಿಂದ ರೋಗ ಹತೋಟಿಗೆ ಬರುತ್ತದೆ. ಮುಂದಿನ ಬಸಿರಿನಲ್ಲಿ ಸಾಮಾನ್ಯವಾಗಿ ಮರಳುತ್ತದೆ.

2006ರಲ್ಲಿ ಗ್ರಾಜ್ ಮತ್ತು ಲಂಡನ್ನಿನ ತಜ್ಞರು 505 ಗರ್ಭಿಣಿಯರ ದಾಖಲೆಗಳನ್ನು ಕೂಡಿಸಿ ಬಸಿರಿನ ಚರ್ಮರೋಗಗಳನ್ನು ಹೊಸದಾಗಿ ವಿಂಗಡಿಸಿದರು. ಸುಮಾರು ಅರ್ಧದಷ್ಟು ಹೆಂಗಸರದು ತಾಯಿ ಮಗುವಿಗೆ ಅಪಾಯವಿಲ್ಲದ, ಅಲರ್ಜಿ ಸ್ವಭಾವದ ಚರ್ಮದ ತೊಂದರೆ. ಪೆಂಫಿಗಾಯ್ಡ್ ನೂರಕ್ಕೆ ನಾಲ್ವರಲ್ಲಿ. ಪಟ್ಟಿಯ ಇನ್ನೊಂದು ಹೆಸರು ಯಕೃತ್ತಿಗೆ ಸೇರಿದ್ದು. ಪಿತ್ತರಸದ ಹರಿವು ಕುಂಠಿತವಾಗಿ ಪಿತ್ತಾಮ್ಲ ರಕ್ತಕ್ಕೆ ಸೇರಿದಾಗ ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸುತ್ತವೆ. ಚರ್ಮದ ಮೇಲೆ ಕೆರೆದ ಗುರುತಿನ ಹೊರತು ಏನೂ ಇರುವುದಿಲ್ಲ. ಪಿತ್ತಾಮ್ಲ ಬಹಳ ಏರಿದರೆ ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯವಿದೆ. ವೈದ್ಯರ ಕಣ್ಣಿಗೆ ಏನೂ ಕಾಣದ ಇಂಥಲ್ಲಿ ಮೊದಲ ಪುರಾವೆ ಅವಳ ಮಾತೊಂದೇ. ರಕ್ತಪರೀಕ್ಷೆಯ ಸರದಿ ಆ ಮಾತನ್ನು ಯಾರಾದರೂ ನಂಬಿದ ಮೇಲೆ.

ಇಲ್ಲಿ ನನಗೆ ಚರಕ ಸಂಹಿತೆ ನೆನಪಾಗುತ್ತದೆ. ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಏಳನೆಯ ತಿಂಗಳ ಉರಿ, ತುರಿಕೆಗಳ ಚರ್ಚೆ ಬರುತ್ತದೆ. ಮಗುವಿಗೆ ಕೂದಲು ಮೂಡುವಾಗ ತಾಯಿಗೆ ಉರಿಯಾಗುತ್ತದೆ ಎಂದು ಹೆಂಗಸರು ಹೇಳುತ್ತಾರೆ, ಅದು ಸರಿಯಲ್ಲ ಎನ್ನುತ್ತಾನೆ ಆತ್ರೇಯ. ಬೆಳೆಯುವ ಗರ್ಭದ ಒತ್ತಡದಿಂದ ದೋಷಗಳು ಎದೆಯತ್ತ ಸರಿದು ಉರಿ, ತುರಿಕೆ ಹುಟ್ಟುತ್ತವೆ, ಅದರಿಂದ ‘ಕಿಕ್ಕಿಸ’ ಎಂಬ ತೊಂದರೆಯಾಗುತ್ತದೆ ಎಂಬುದು ಅವನ ವಾದ. ಎಲಚಿ ಹಣ್ಣಿನ ನೀರಿನೊಡನೆ ಬೆಣ್ಣೆ ಕೊಡಬೇಕು, ಚರ್ಮ ಒಡೆಯದಂತೆ ಕೆರೆದುಕೊಳ್ಳದಿರಬೇಕು ಎಂಬ ಸಲಹೆಯೂ ಇದೆ. ಹೊಟ್ಟೆ ತುರಿಸಿದರೆ ಮಗುವಿಗೆ ಕೂದಲು ದಟ್ಟ ಎಂಬ ಮಾತನ್ನು ನಮ್ಮ ಕಡೆಯ ಅಜ್ಜಿಯರ ಬಾಯಲ್ಲಿ ನಾನೂ ಕೇಳಿದ್ದೇನೆ.

ಇಂದಿನ ವೈದ್ಯಕೀಯದ ಕಣ್ಣಿಗೆ ಆ ಹೆಂಗಸರ ವಿವರಣೆಯೂ ನಿಲ್ಲದು, ಆತ್ರೇಯನದೂ ನಿಲ್ಲದು. ಆದರೆ ಅಲ್ಲಗಳೆಯುವುದಕ್ಕಾಗಿಯೇ ಆಗಲಿ, ಹೆಂಗಸರು ಹೀಗೆನ್ನುತ್ತಾರೆ ಎಂದು ಒಂದು ಶಾಸ್ತ್ರಗ್ರಂಥ ಬರೆದಿಟ್ಟಿದೆ. ಕಾರಣ ಹೇಳುವಾಗ ಅವರು ಎಡವಿದ್ದಾರು. ತುರಿಸುತ್ತಿದೆ ಎಂಬುದರಲ್ಲಿ ಎಡವಿರಲಿಲ್ಲ. ವಿಯೆನ್ನಾದ ಆ ಐವರೂ ಮೈ ಉರಿಯುತ್ತಿದೆ ಎಂದು ಯಾರೊಡನೆಯೋ ಹೇಳಿಕೊಂಡಿರಲೇಬೇಕು, ಹೆಬ್ರಾ ಬಂದು ನೋಡುವ ಮುಂಚೆಯೇ.