ಹಾಡದೆ ಹೇಳಿದ ಕಥೆಗಳು

ವೆಲ್ವೆಟ್ ಅಂಡರ್‌ಗ್ರೌಂಡ್ ಎಂಬ ರಾಕ್ ತಂಡದ ‘ದ ಗಿಫ್ಟ್’ ಅನ್ನು ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. 1968ರ ‘ವೈಟ್ ಲೈಟ್/ವೈಟ್ ಹೀಟ್’ ಆಲ್ಬಮ್ಮಿನಲ್ಲಿದೆ. ಎಡಗಿವಿಯಲ್ಲಿ ತಂಡದ ಜಾನ್ ಕೇಲ್ ತಮ್ಮ ವೇಲ್ಸ್ ಧಾಟಿಯ ಇಂಗ್ಲಿಷಿನಲ್ಲಿ ಒಂದು ಕಥೆ ಓದುತ್ತಾರೆ. ಬಲಗಿವಿಯಲ್ಲಿ ತಂಡ ತನ್ನ ಪಾಡಿಗೆ ತಾನು ಬಾರಿಸುತ್ತಿರುತ್ತದೆ. ಕಥೆ ತಂಡದವರೇ ಆದ ಲೂ ರೀಡ್ ಅವರದು: ದೂರದೂರಿನ ಪ್ರೇಯಸಿಯನ್ನು ನೋಡಲು ಕೈಯಲ್ಲಿ ಕಾಸಿಲ್ಲದ ಹುಡುಗ ತನ್ನನ್ನೇ ಪೆಟ್ಟಿಗೆಯಲ್ಲಿ ಕಟ್ಟಿಸಿ ಅವಳ ವಿಳಾಸಕ್ಕೆ ಕಳಿಸಿಕೊಳ್ಳುತ್ತಾನೆ. ಒಂದು ಕಿವಿ ಮುಚ್ಚಿದರೆ ಬರೀ ಕಥೆ, ಇನ್ನೊಂದು ಮುಚ್ಚಿದರೆ ಬರೀ ಸಂಗೀತ. ಮಾತು, ರಾಕ್ ಎರಡೂ ಒಂದೇ ಮನೆಯಲ್ಲಿದ್ದವು, ಒಲೆ ಮಾತ್ರ ಬೇರೆ ಬೇರೆ.

ಆ ಒಲೆಗಳು ಒಂದಾಗಿದ್ದು, ನನ್ನ ಲೆಕ್ಕದಲ್ಲಿ, 23 ವರ್ಷಗಳ ನಂತರ. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಸ್ಲಿಂಟ್ ಎಂಬ ತಂಡ ಕಟ್ಟಿಕೊಂಡಿದ್ದ, ಇಪ್ಪತ್ತರ ಆಸುಪಾಸಿನ ನಾಲ್ವರು ಹುಡುಗರು 1990ರ ಆಗಸ್ಟ್‌ನಲ್ಲಿ ಶಿಕಾಗೋಗೆ ಹೋಗಿ ಆರು ಹಾಡು ಮುದ್ರಿಸಿಕೊಂಡು ಬಂದರು. 1991ರ ಮಾರ್ಚ್‌ನಲ್ಲಿ ‘ಸ್ಪೈಡರ್‌ಲ್ಯಾಂಡ್’ ಹೊರಬರುವಷ್ಟರಲ್ಲಿ ತಂಡವೇ ಒಡೆದಿತ್ತು. ತಂಡದ ಗಾಯಕ ಬ್ರಯಾನ್ ಮೆಕ್‌ಮಹಾನ್ ಇಲ್ಲಿ ಹೆಚ್ಚಿನ ಕಡೆ ಹಾಡುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಂತೆ ಮೆಲ್ಲಗೆ ಹೇಳುತ್ತಾರೆ. ಜಾತ್ರೆಯಲ್ಲಿ ಕಣಿ ಕೇಳಲು ಗುಡಾರಕ್ಕೆ ಹೋದವನು ಕಣಿ ಹೇಳುವವಳನ್ನೇ ರೋಲರ್‌ಕೋಸ್ಟರ್ ಹತ್ತಿಸುವುದು ಮೊದಲ ಕಥೆ. ಕೊನೆಯದು ‘ಗುಡ್ ಮಾರ್ನಿಂಗ್, ಕ್ಯಾಪ್ಟನ್’: ಹಡಗು ಮುಳುಗಿ ಒಬ್ಬನೇ ಬದುಕುಳಿದ ಕಪ್ತಾನ ಒಂದು ಮನೆಯ ಬಾಗಿಲು ತಟ್ಟುತ್ತಾನೆ. ಒಳಗಿರುವುದು ಒಂದು ಮಗು.

ಈ ಹಾಡಿನ ಏಳೂವರೆ ನಿಮಿಷಗಳಲ್ಲಿ ನಡೆಯುವುದನ್ನು ಗಮನಿಸಬೇಕು. ಗಿಟಾರಿನ ಸಣ್ಣದೊಂದು ಎಳೆ ಸುತ್ತಿ ಸುತ್ತಿ ಬರುತ್ತದೆ. ದನಿ ಎಷ್ಟು ತಗ್ಗಿನಲ್ಲಿದೆಯೆಂದರೆ ಮಾತು ಹಿಡಿಯಲು ವಾಲ್ಯೂಮ್ ಏರಿಸಲೇಬೇಕು. ಹಾಗೆ ಏರಿಸಿ ಕಿವಿಗೊಟ್ಟು ಕೂತವರ ಮೇಲೆ ಗಿಟಾರುಗಳು ಅಪ್ಪಳಿಸುತ್ತವೆ, ಅಲ್ಲಿಯವರೆಗೆ ಪಿಸುಗುಟ್ಟುತ್ತಿದ್ದ ದನಿ ಕಿರುಚುತ್ತದೆ. ಕಪ್ತಾನನ ದುಃಖ ಎಂಥದೆಂದು ಮಾತಿನಲ್ಲಿ ಎಲ್ಲೂ ವಿವರಿಸಿಲ್ಲ. ಆ ಕೆಲಸ ಗಿಟಾರಿನದು. ಕಥೆ ಬಿಟ್ಟ ಜಾಗವನ್ನು ಸಂಗೀತ ತುಂಬುವುದೇ ಹಾಡದೆ ಕಥೆ ಹೇಳುವ ಈ ಪ್ರಕಾರದ ಜೀವ. ಇದೇ ಆಲ್ಬಮ್ಮಿನ ಹೊದಿಕೆಯಲ್ಲಿ, ಆಸಕ್ತ ಗಾಯಕಿಯರು ಪತ್ರ ಬರೆಯಬಹುದು ಎಂದು ಅಚ್ಚು ಹಾಕಿಸಿದ್ದರು. ಯಾವ ಹಾಡದ ದನಿಗಾಗಿ ಇವರು ಇಂದು ನೆನಪಿನಲ್ಲಿದ್ದಾರೋ, ಅದರ ಬಗ್ಗೆ ಅವರಿಗೇ ಭರವಸೆ ಇದ್ದಂತಿಲ್ಲ.

ಇಂಥ ಸಂಗೀತಕ್ಕೆ ‘ಪೋಸ್ಟ್-ರಾಕ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಆಮೇಲೆ, 1994ರಲ್ಲಿ, ಬ್ರಿಟಿಷ್ ವಿಮರ್ಶಕ ಸೈಮನ್ ರೆನಾಲ್ಡ್ಸ್ ಅವರ ಬರಹಗಳಿಂದ. ರಾಕ್ ವಾದ್ಯಗಳನ್ನೇ ಹಿಡಿದು ನಾದದ ಬಣ್ಣ, ಹರಹುಗಳನ್ನು ಹುಡುಕುವ ಸಂಗೀತ ಎಂಬುದು ಅವರ ಅರ್ಥ. ಹಾಡುಗಾರನಿಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಖಾಲಿಯಾದ ಆ ಜಾಗಕ್ಕೆ ಕಥೆ ಹೇಳುವವರು ಬಂದು ಕೂತರು.

ಮಾಂಟ್ರಿಯಲ್‌ನ ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ತಂಡದ ಮೊದಲ ಎಲ್‌ಪಿ 1997ರಲ್ಲಿ ಬಂತು. ಅದರ ಮೊದಲ ಪ್ರತಿಗಳ ಲಕೋಟೆಯೊಳಗೆ ರೈಲಿನ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ಒಂದು ನಾಣ್ಯ ಇರುತ್ತಿತ್ತು. ‘ದ ಡೆಡ್ ಫ್ಲ್ಯಾಗ್ ಬ್ಲೂಸ್’ ಶುರುವಾಗುವುದು ಹಾಳುಬಿದ್ದ ನಗರವನ್ನು ಬಣ್ಣಿಸುವ ಗಡಸು ದನಿಯಿಂದ. ಗಿಟಾರ್ ವಾದಕ ಎಫ್ರಿಮ್ ಮೆನುಕ್ ಬರೆದು ಮುಗಿಸದೇ ಬಿಟ್ಟ ಚಿತ್ರಕಥೆಯ ಭಾಗ ಅದು. ಎರಡು ವರ್ಷದ ನಂತರ ಇದೇ ತಂಡ, ಬೀದಿಯಲ್ಲಿ ಸಿಕ್ಕ ಸಿಟ್ಟಿನ ಮನುಷ್ಯನೊಬ್ಬನ ಮಾತನ್ನು ಬಳಸಿತು. ತನ್ನದೆಂದು ಆತ ಹೇಳುವ ಕವಿತೆಯ ಬಹುಪಾಲು ಐರನ್ ಮೇಡನ್ ತಂಡದ ಹಾಡೊಂದರಿಂದ ಎತ್ತಿದ್ದು. ಅದು ತಿಳಿದ ಮೇಲೂ ಆ ದನಿಯ ಕಾವು ಇಳಿಯುವುದಿಲ್ಲ.

ಮುದ್ರಿತ ದನಿಗಳನ್ನು ತಂದು ಜೋಡಿಸುವ ರೂಢಿ ಆಮೇಲೆ ಬಹಳ ಹಬ್ಬಿತು. ಗ್ಲಾಸ್ಗೋದ ಮೊಗ್ವಾಯ್ ತಂಡ ರಾಕ್ ಗಾಯಕ ಇಗ್ಗಿ ಪಾಪ್‌ರ ಹಳೆಯ ಸಂದರ್ಶನವನ್ನು ಬಳಸಿತು. ಬಹುಪಾಲು ತಂಡಗಳಿಗೆ ಇದು ಸುಲಭದ ದಾರಿಯಾಯಿತು: ಸಿನಿಮಾ ಭಾಷಣವೊಂದನ್ನು ತಂದಿಟ್ಟರೆ ಗಾಂಭೀರ್ಯ ತಾನಾಗಿ ಬಂದಂತೆ. ಲಂಡನ್ನಿನ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ತಂಡ ಇದಕ್ಕೆ ಹೊರತು. ಅವರ 2015ರ ‘ದ ರೇಸ್ ಫಾರ್ ಸ್ಪೇಸ್’ನಲ್ಲಿ ಅಪೊಲೊ 8 ಚಂದ್ರನ ಮರೆಗೆ ಸರಿದು ಸಂಪರ್ಕ ಕಡಿದಾಗ ಸಂಗೀತವೂ ಅಡಗುತ್ತದೆ. ನೌಕೆಯ ದನಿ ಮರಳಿದಾಗಷ್ಟೇ ತಾಳ ಮರಳುತ್ತದೆ.

ಆದರೂ ನನಗೆ ಹೆಚ್ಚು ತಾಳಿಕೆ ಬಂದವರು ಸ್ವಂತ ಮಾತು ಆಡಿದವರು. ಸ್ಕಾಟ್ಲೆಂಡಿನ ಫಾಲ್ಕಿರ್ಕ್ ಊರಿನ ಆರಬ್ ಸ್ಟ್ರ್ಯಾಪ್ ತಂಡದ ಏಡನ್ ಮಫಟ್ 1996ರಿಂದ ಕುಡಿತ, ಪ್ರೇಮ, ನಾಚಿಕೆಗಳನ್ನು ತಮ್ಮ ಊರಿನ ಧಾಟಿಯಲ್ಲೇ ಹೇಳುತ್ತ ಬಂದರು. ಸ್ಯಾನ್ ಫ್ರಾನ್ಸಿಸ್ಕೋದ ಎನೇಬ್ಲರ್ಸ್‌ನಲ್ಲಿ ಕವಿ ಪೀಟ್ ಸಿಮೊನೆಲಿ ತಮ್ಮ ಸಾಲುಗಳನ್ನು ಓದುವುದೇ ಗಾಯನ.

2021ರಲ್ಲಿ ಫಸಲು ಒಟ್ಟಿಗೆ ಕೈಗೆ ಬಂತು. 16 ವರ್ಷಗಳ ನಂತರ ಆರಬ್ ಸ್ಟ್ರ್ಯಾಪ್‌ನ ಹೊಸ ಆಲ್ಬಮ್, ಡ್ರೈ ಕ್ಲೀನಿಂಗ್ ತಂಡದಲ್ಲಿ ಫ್ಲಾರೆನ್ಸ್ ಶಾ ಅವರ ಏರಿಳಿತವಿಲ್ಲದ ಮಾತು, ‘ಬ್ಲ್ಯಾಕ್ ಕಂಟ್ರಿ, ನ್ಯೂ ರೋಡ್’ ಎಂಬ ತಂಡದ ಮೊದಲ ಆಲ್ಬಮ್. ಈ ಕೊನೆಯವರು ಹಾಡೊಂದರೊಳಗೆ ಸ್ಲಿಂಟ್‌ನ ಹೆಸರನ್ನೇ ಎತ್ತುತ್ತಾರೆ.

ಹೊಸದಾಗಿ ಕೇಳಹೊರಟವರು ‘ಸ್ಪೈಡರ್‌ಲ್ಯಾಂಡ್’ನಿಂದಲೇ ಶುರುಮಾಡಿ. ಆರೂ ಹಾಡುಗಳನ್ನು ಅದೇ ಅನುಕ್ರಮದಲ್ಲಿ, ನಡುವೆ ನಿಲ್ಲಿಸದೆ ಕೇಳಿ. ಎಲ್ಲ ಸೇರಿ 40 ನಿಮಿಷವೂ ಆಗುವುದಿಲ್ಲ.