ಅಡಿಬರಹವಿಲ್ಲದ ಚಿತ್ರಗಳು

ಕೊಲ್ಲೂರಿನಿಂದ ಘಟ್ಟ ಹತ್ತಿ ಸಿಗಂದೂರು ಮಾರ್ಗವಾಗಿ ಸಾಗರಕ್ಕೆ ಹೋಗುವವರು ದಶಕಗಳ ಕಾಲ ಕಳಸವಳ್ಳಿಯಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಹೋದವರಿಗೆ ಈಗ ಆ ಸೇತುವೆ, ಅದರ ಎರಡೂ ಬದಿಯ ನೀರು ಫೋಟೊಕ್ಕೆ ಒಳ್ಳೆಯ ವಸ್ತು. ಫೋಟೊದಲ್ಲಿ ಕಾಣುವುದು ಸುಂದರ ಸರೋವರ. ಕಾಣದೇ ಇರುವುದು ಅದರ ಅಡಿಯ ಗದ್ದೆ, ತೋಟ, ಮನೆಯಂಗಳ.

ಚಿತ್ರಕ್ಕೆ ಅಡಿಬರಹ ಎಷ್ಟು ಮುಖ್ಯ ಎಂಬುದಕ್ಕೆ ದೂರದ ಪ್ಯಾಲೆಸ್ಟೀನಿನಲ್ಲೊಂದು ನಿದರ್ಶನವಿದೆ. 1948ರ ಯುದ್ಧದ ವೇಳೆ ಅಲ್ಲಿನ ಏಳು ಲಕ್ಷಕ್ಕೂ ಹೆಚ್ಚು ಅರಬರು ಮನೆ ಕಳೆದುಕೊಂಡರು. ಬೇಗನೆ ಮರಳುವೆವೆಂದು ಬೀಗ ಹಾಕಿ ಹೊರಟವರ ಕೈಯಲ್ಲಿ ಉಳಿದದ್ದು ಬೀಗದ ಕೈ ಮಾತ್ರ. ಅವರಿಗಾಗಿ ವಿಶ್ವಸಂಸ್ಥೆ ಸ್ಥಾಪಿಸಿದ ನೆರವು ಸಂಸ್ಥೆಯು ಶಿಬಿರಗಳ ಬದುಕನ್ನು ವರ್ಷಗಟ್ಟಲೆ ಚಿತ್ರೀಕರಿಸಿತು. ಆ ಸಂಗ್ರಹ 2009ರಲ್ಲಿ ಯುನೆಸ್ಕೊದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿತು.

ಸ್ವಿಸ್ ಛಾಯಾಗ್ರಾಹಕ ಜಾನ್ ಮೋರ್ ಕೂಡ ಈ ಜನರ ಚಿತ್ರಗಳನ್ನು ತೆಗೆದವರು. 1983ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನದಲ್ಲಿ ಅವುಗಳನ್ನು ತೂಗುಹಾಕಲು ಜೆರುಸಲೇಮಿನಲ್ಲಿ ಹುಟ್ಟಿದ ಚಿಂತಕ ಎಡ್ವರ್ಡ್ ಸೈದ್ ಏರ್ಪಾಟು ಮಾಡಿದರು. ಪ್ರದರ್ಶನಕ್ಕೆ ಅನುಮತಿ ಸಿಕ್ಕಿತು. ಆದರೆ ಸ್ಥಳದ ಹೆಸರಿನ ಹೊರತು ಬೇರೆ ಬರಹ ಇರಕೂಡದೆಂಬ ಷರತ್ತಿನೊಂದಿಗೆ. ಜನರನ್ನು ನೋಡಬಹುದು, ಅವರ ಕಥೆ ಓದುವಂತಿಲ್ಲ! 1986ರಲ್ಲಿ ಸೈದ್ ಮತ್ತು ಮೋರ್ ಸೇರಿ ಹೊರತಂದ ಪುಸ್ತಕ ಒಂದರ್ಥದಲ್ಲಿ ಆ ಚಿತ್ರಗಳಿಗೆ ದೊರೆತ ಅಡಿಬರಹ.

ಶರಾವತಿಯ ಕಥೆ ಅದೇ ಅಲ್ಲ. ಇಲ್ಲಿ ಯುದ್ಧವಿರಲಿಲ್ಲ, ಗಡಿಯೂ ಬದಲಾಗಲಿಲ್ಲ. ನಾಡಿಗೆ ಬೆಳಕು ಬೇಕಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಸಿದ್ಧವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ಮುಳುಗಿದವು. 1948ರಲ್ಲಷ್ಟೇ ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಜನರನ್ನು ಲಾರಿಗಳಲ್ಲಿ ಕರೆದೊಯ್ದು ಕಾಡಿನ ಅಂಚಿನಲ್ಲಿ ಇಳಿಸಲಾಯಿತು. ಅಲ್ಲಿ ಉಳುಮೆ ಮಾಡಿದ ಭೂಮಿಯ ಹಕ್ಕುಪತ್ರದ ಪ್ರಶ್ನೆ ಆರು ದಶಕ ಕಳೆದರೂ ಪೂರ್ತಿ ಬಗೆಹರಿದಿಲ್ಲ. ಊರಲ್ಲೇ ಉಳಿದ ತುಮರಿ ಭಾಗದವರಿಗೆ ಹಿನ್ನೀರೇ ಗೋಡೆಯಾಯಿತು.

ಕರಾವಳಿಗೂ ಈ ಕಥೆ ಪರಕೀಯವಲ್ಲ. ಕುಂದಾಪುರ ತಾಲ್ಲೂಕಿನ ಹೊಸಂಗಡಿಯ ವಾರಾಹಿ ಭೂಗತ ವಿದ್ಯುದಾಗಾರಕ್ಕೆ ನೀರು ಬರುವುದು ಘಟ್ಟದ ಮೇಲಿನ ಮಾಣಿ ಜಲಾಶಯದಿಂದ. ಅಲ್ಲಿಯೂ ಮನೆ, ಗದ್ದೆ ಬಿಟ್ಟು ಎದ್ದವರಿದ್ದಾರೆ.

ಅಂದಿನ ರೈತರ ಮನೆಗಳಲ್ಲಿ ಕ್ಯಾಮರಾ ಎಲ್ಲಿತ್ತು? ಹಾಗಾಗಿ ಶರಾವತಿ ಸಂತ್ರಸ್ತರ ಆಲ್ಬಂ ಬಹುಮಟ್ಟಿಗೆ ಸಾಹಿತ್ಯದಲ್ಲಿದೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಯೋಜನೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ ಚಲನಚಿತ್ರವಾಗಿಸಿದರು, ಅದಕ್ಕೆ ಸ್ವರ್ಣಕಮಲ ದೊರೆಯಿತು. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡರು.

ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಮಡೆನೂರಿನ ಅಣೆಕಟ್ಟೆ ಮೇಲೆದ್ದು ಕಾಣುತ್ತದೆ. ಜನ ಹೋಗಿ ಫೋಟೊ ತೆಗೆಯುತ್ತಾರೆ. ಗಾರೆಯ ಗಟ್ಟಿತನವನ್ನು ಯಾರೂ ಹೊಗಳಬಲ್ಲರು. ಆದರೆ ಈ ದಿಬ್ಬದ ಮೇಲೆ ಯಾರ ಮನೆಯಿತ್ತು, ಆ ಬಾವಿ ಯಾರದು, ತೇರು ಯಾವ ಬೀದಿಯಲ್ಲಿ ಹೋಗುತ್ತಿತ್ತು ಎಂದು ಹೇಳಬಲ್ಲವರು ಬೇರೆ. 1964ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಘಟ್ಟದ ಮೇಲೆ ನೆಂಟರಿರುವ ಮನೆಗಳು ಕರಾವಳಿಯಲ್ಲಿ ಹಲವಿವೆ. ಮುಂದಿನ ಸಲ ಸೇತುವೆ ದಾಟುವಾಗ ಅಂಥ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದು, ಫೋಟೊದ ಹಿಂದೆ ಅವರು ಹೇಳುವ ಹೆಸರುಗಳನ್ನು ಬರೆದಿಟ್ಟರೆ ಆ ನೀರಿಗೂ ಅಡಿಬರಹ ಸಿಕ್ಕೀತು.